ಮಗುವಿಗೆ ಮಲ ಕಟ್ಟಿದಾಗ ನಮ್ಮ ಮನೆಯಲ್ಲಿ ಮಾಡಿದ್ದು

ಆರು ತಿಂಗಳು ತುಂಬುವವರೆಗೆ ನಮ್ಮ ಮಗಳಿಗೆ ಎದೆಹಾಲು ಮಾತ್ರ. ಆಗೆಲ್ಲ ಅವಳು ನಾಲ್ಕೈದು ದಿನ ಕಕ್ಕ ಮಾಡದೆ ಇದ್ದದ್ದೂ ಉಂಟು. ನೋಡಲು ಬಂದವರೆಲ್ಲ ಗಾಬರಿ ಹುಟ್ಟಿಸಿ ಹೋಗುತ್ತಿದ್ದರು. ಆದರೆ ಮಾಡಿದಾಗ ಮೆತ್ತಗೆ, ಹಳದಿಯಾಗಿ ಇರುತ್ತಿತ್ತು. ಹಾಲು ಚೆನ್ನಾಗಿ ಕುಡಿಯುತ್ತಿದ್ದಳು, ತಾಯಿ ಕಾರ್ಡಿನಲ್ಲಿ ತೂಕವೂ ಏರುತ್ತಿತ್ತು. ಎದೆಹಾಲು ಕುಡಿಯುವ ಮಗು ಒಂದೂವರೆ ತಿಂಗಳು ದಾಟಿದ ಮೇಲೆ ವಾರಕ್ಕೊಮ್ಮೆ ಹೋದರೂ, ಮೆತ್ತಗಿದ್ದರೆ ಅದು ಮಲಬದ್ಧತೆ ಅಲ್ಲ. ಮುಖ ಕೆಂಪಗೆ ಮಾಡಿಕೊಂಡು ತಿಣುಕಿದ ಮಾತ್ರಕ್ಕೂ ಹೆದರಬೇಕಿಲ್ಲ.

ನಿಜವಾದ ತೊಂದರೆ ಬಂದದ್ದು ಊಟ ಶುರುವಾದ ಮೇಲೆ. ಹಾಸನದ ಕಡೆ ಮಗುವಿನ ಮೊದಲ ಊಟ ಅಂದ್ರೆ ರಾಗಿ ಸರಿ ತಾನೇ? ಅದರ ಜೊತೆಗೆ ಮೆತ್ತಗಿನ ಅನ್ನ, ಬೇಯಿಸಿ ಹಿಸುಕಿದ ಆಲೂಗಡ್ಡೆ. ನಮ್ಮ ಜಿಲ್ಲೆಯಲ್ಲಿ ಆಲೂಗಡ್ಡೆಗೇನು ಬರವೇ! ಕೆಲವೇ ದಿನಗಳಲ್ಲಿ ಆಡಿನ ಹಿಕ್ಕೆಯಂಥ ಗಟ್ಟಿ ಉಂಡೆ ಬರತೊಡಗಿತು. ಮಾಡುವಾಗ ಕಿರುಚಿ ಅಳುತ್ತಿದ್ದಳು. ಒಂದು ಬೆಳಗ್ಗೆ ಉಂಡೆಯ ಮೇಲೆ ರಕ್ತದ ಗೆರೆ ಕಂಡಾಗ ಮಕ್ಕಳ ಡಾಕ್ಟರ್ ಹತ್ತಿರ ಓಡಿದೆವು.

ಗಟ್ಟಿ ಮಲ ಬಂದು ಚರ್ಮ ಸ್ವಲ್ಪ ಸೀಳಿದೆ ಎಂದರು. ನೋವಾಗುತ್ತೆ ಅಂತ ಮಗು ತಡೆದುಕೊಳ್ಳುತ್ತದೆ. ತಡೆದಷ್ಟೂ ಕರುಳು ಅದರ ನೀರನ್ನು ಹೀರಿ ಇನ್ನೂ ಗಟ್ಟಿ ಮಾಡುತ್ತದೆ. ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟರು. ಅದು ಕರುಳಿಗೆ ನೀರು ಎಳೆದು ಮಲ ಮೆತ್ತಗೆ ಮಾಡುವ ಔಷಧಿ. ಅಳತೆ ಮಗುವಿಗೆ ತಕ್ಕಂತೆ ಬೇರೆ, ಅದಕ್ಕೇ ಇಲ್ಲಿ ಬರೆಯುತ್ತಿಲ್ಲ.

ಸಿರಪ್ ಆ ಹೊತ್ತಿಗಾಯಿತು. ಬದಲಾಗಬೇಕಾದದ್ದು ಬಟ್ಟಲಲ್ಲಿ ಇರುವುದು. ನಮ್ಮಲ್ಲಿ ಸರಿ ಹಿಟ್ಟು ಮಾಡೋದು ಹೇಗೆ ಗೊತ್ತಲ್ವಾ? ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಆಮೇಲೆ ತೆಳು ಬಟ್ಟೆಯಲ್ಲಿ ಸೋಸುವುದು. ಹಿಟ್ಟು ನುಣ್ಣಗೆ ಬೀಳುತ್ತದೆ, ಹೊಟ್ಟು ಬಟ್ಟೆಯಲ್ಲೇ ಉಳಿಯುತ್ತದೆ. ಸುಲಭವಾಗಿ ಅರಗಲಿ ಅಂತ ಹಾಗೆ ಮಾಡುವುದು, ಒಳ್ಳೆಯದೇ. ಆದರೆ ನಾರಿನಂಶ ಕಳೆದ ಹಿಟ್ಟನ್ನೇ ಹೊತ್ತು ಹೊತ್ತಿಗೂ ತಿನ್ನಿಸಿ, ಮೇಲೆ ಆಲೂಗಡ್ಡೆ ಕೊಟ್ಟರೆ ಮಲ ಕಟ್ಟದೆ ಇರುತ್ತದೆಯೇ? ಸುಮ್ನೆ ರಾಗಿಯನ್ನು ಬೈಯಬಾರದು. ಸರಿಯನ್ನು ಬೆಳಗಿನ ಹೊತ್ತಿಗೆ ಮಾತ್ರ ಇಟ್ಟುಕೊಂಡೆ. ತೀರಾ ನೀರು ಮಾಡಿದರೆ ಮಗುವಿಗೆ ಶಕ್ತಿ ಸಾಲುವುದಿಲ್ಲ. ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರುವ ಹದಕ್ಕೆ ತಂದು, ಮೇಲೆ ಚೂರು ತುಪ್ಪ ಹಾಕಿದೆ.

ಮಧ್ಯಾಹ್ನ ಅನ್ನ ಕಡಿಮೆ ಮಾಡಿ ಹೆಸರುಬೇಳೆ, ಸಿಹಿಕುಂಬಳ ಅಥವಾ ಬೀನ್ಸ್ ಬೇಯಿಸಿ ಹಿಸುಕಿ ಕೊಟ್ಟೆ. ಸಂಜೆಗೆ ಹಿತ್ತಲಿನ ಪರಂಗಿ ಹಣ್ಣು, ಚೆನ್ನಾಗಿ ಕಳಿತದ್ದು. ಒಣದ್ರಾಕ್ಷಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಗ್ಗೆ ನುಣ್ಣಗೆ ಅರೆದು ಸೋಸಿ ಕೊಡುತ್ತಿದ್ದೆ. ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಜೋಪಾನ. ಬಾಳೆಹಣ್ಣು ಪೂರ್ತಿ ಹಣ್ಣಾಗಿದ್ದರೆ ಮಾತ್ರ, ದೋರೆಗಾಯಿ ಇನ್ನೂ ಕಟ್ಟುತ್ತದೆ. ಪ್ರತಿ ಊಟದ ಜೊತೆ ಕುದಿಸಿ ಆರಿಸಿದ ನೀರು ಕೆಲವು ಚಮಚ. ಎದೆಹಾಲು ಎಂದಿನಂತೆ. ಆರು ತಿಂಗಳ ಒಳಗಿನ ಮಗುವಿಗೆ ಈ ನೀರು, ಹಣ್ಣು ಯಾವುದೂ ಬೇಡ. ಡಬ್ಬಿ ಹಾಲು ಕುಡಿಯುವ ಮಗುವಾದರೆ ಪುಡಿ ಜಾಸ್ತಿ ಆಗುತ್ತಿದೆಯಾ ಅಂತ ಮೊದಲು ನೋಡಿ.

ಅತ್ತೆಗೆ ಇಷ್ಟೆಲ್ಲ ಕಾಯುವ ತಾಳ್ಮೆ ಇರಲಿಲ್ಲ. ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಹಿಂದೆ ಇಡೋಣ ಎಂದರು. "ನಿನ್ ಗಂಡನ್ಗೂ ಹಂಗೇ ಮಾಡಿದ್ದು ಕಣವ್ವ, ಏನಾಯ್ತು ಈಗ?" ಮೊದಲೇ ಗಾಯವಾದ ಜಾಗ. ಬೇಡ ಅತ್ತೆ, ಡಾಕ್ಟ್ರು ಬಿಲ್‌ಕುಲ್ ಬೇಡ ಅಂದಿದ್ದಾರೆ ಎಂದೆ. ಸೋಪಿನ ಚೂರು ಇಡುವುದೂ, ಹರಳೆಣ್ಣೆ ಕುಡಿಸುವುದೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ನಾಲಿಗೆಗೂ ಸವರಬಾರದು. ಅದರಲ್ಲಿ ಇರಬಹುದಾದ ಬಾಟ್ಯುಲಿಸಂ ರೋಗಾಣುವಿನಿಂದ ಬರುವ ಕಾಯಿಲೆಯ ಮೊದಲ ಗುರುತೇ ಎಷ್ಟೋ ಸಲ ಮಲಬದ್ಧತೆ!

ಆದರೆ ಅತ್ತೆಯ ಇನ್ನೊಂದು ವಿದ್ಯೆಗೆ ನಾನು ಕೈಮುಗಿಯುತ್ತೇನೆ. ಕಾಲು ಚಾಚಿ ಕೂತು, ಎರಡು ಪಾದಗಳ ಮೇಲೆ ಮಗುವನ್ನು ತಮ್ಮ ಕಡೆ ಮುಖ ಮಾಡಿ ಕೂರಿಸುತ್ತಾರಲ್ಲ, ಅದು. ಮಂಡಿ ಮೇಲೆ ಬಂದು ಕುಕ್ಕುರುಗಾಲಿನ ಭಂಗಿ ಆಗುತ್ತದೆ, ದಾರಿ ನೇರವಾಗುತ್ತದೆ. ಹೊಟ್ಟೆಗೆ ಊಟ ಬಿದ್ದೊಡನೆ ಕರುಳು ಚುರುಕಾಗುವುದರಿಂದ, ಊಟವಾಗಿ ಹತ್ತು ಹದಿನೈದು ನಿಮಿಷಕ್ಕೆ ಕೂರಿಸುತ್ತಿದ್ದರು. ಏನೋ ಹಾಡು, ಏನೋ ಕತೆ. ಬರದಿದ್ದರೆ ಎತ್ತಿಕೊಂಡು ಬಿಡುವುದು, ಬಲವಂತ ಇಲ್ಲ. ಬೆಳಗ್ಗೆ ಬಿಸಿನೀರಿನ ಸ್ನಾನಕ್ಕೆ ಮುಂಚೆ, ಖಾಲಿ ಹೊಟ್ಟೆಯಲ್ಲಿ, ಕೊಬ್ಬರಿ ಎಣ್ಣೆ ಹಚ್ಚಿ ಹೊಕ್ಕಳ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ನಾನು ನೀವುತ್ತಿದ್ದೆ. ದೊಡ್ಡ ಕರುಳು ಸಾಗುವುದೂ ಅದೇ ದಿಕ್ಕಿನಲ್ಲಿ. ಆಮೇಲೆ ಸೈಕಲ್ ತುಳಿದ ಹಾಗೆ ಕಾಲು ಆಡಿಸುವುದು.

ನಿಧಾನಕ್ಕೆ ಮೆತ್ತಗಾಯಿತು, ಅಳು ನಿಂತಿತು. ಸಿರಪ್ಪನ್ನು ಡಾಕ್ಟರ್ ಹೇಳಿದಂತೆ ಮೆಲ್ಲಗೆ ಇಳಿಸಿದೆವು.

ಹುಟ್ಟಿ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗದಿದ್ದರೆ, ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ, ಜ್ವರ ಬಂದು ಹಾಲು ಬಿಟ್ಟರೆ ಈ ಮನೆ ಉಪಾಯಗಳನ್ನೆಲ್ಲ ಪಕ್ಕಕ್ಕಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ತೂಕ ಏರದಿದ್ದರೂ ತೋರಿಸಲೇಬೇಕು.

ಆಮೇಲೆ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಸಿರಪ್ ಶುರುವಾಯಿತು, ವಾರಕ್ಕೆ ಎರಡು ಸಲ 1 ಮಿ.ಲೀ. ಕಕ್ಕ ಕಪ್ಪಗಾಯಿತು. ಅದು ಕಬ್ಬಿಣದ ಬಣ್ಣ ಅಷ್ಟೇ. ಕೆಲವು ಮಕ್ಕಳಿಗೆ ಅದರಿಂದ ಸ್ವಲ್ಪ ಗಟ್ಟಿಯೂ ಆಗುತ್ತದೆ, ಹಾಗಂತ ನಾನು ನಿಲ್ಲಿಸಲಿಲ್ಲ. ಸಿರಪ್ ಕೊಟ್ಟ ದಿನ ಪರಂಗಿ ಹಣ್ಣು ಎರಡು ಚಮಚ ಜಾಸ್ತಿ ಕೊಡುತ್ತೇನೆ.