ಸೇನಾ ಸೇವೆಯಲ್ಲಾದ ಗಾಯಕ್ಕೆ ಅಂಗವೈಕಲ್ಯ ಪರಿಹಾರ ಕೋರುವ ಬಗೆ

ಅಮೆರಿಕದ ಸೇನೆಯಲ್ಲಿದ್ದಾಗ ಆದ ಗಾಯಕ್ಕೆ ಪರಿಹಾರ ಕೋರುವ ಮಾಜಿ ಸೈನಿಕರು, ದಾಖಲೆಗಳನ್ನು ಹುಡುಕುವ ಮೊದಲೇ, ಅರ್ಜಿ ಸಲ್ಲಿಸುವ ಉದ್ದೇಶವನ್ನು ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಗೆ ತಿಳಿಸಬೇಕು. ಅಲ್ಲಿಂದ 1 ವರ್ಷದೊಳಗೆ ಪೂರ್ಣ ಅರ್ಜಿ ಕೊಟ್ಟರೆ, ಪರಿಹಾರವನ್ನು ಆ ಮೊದಲ ದಿನಾಂಕದಿಂದಲೇ ಲೆಕ್ಕ ಹಾಕಲು ಅವಕಾಶವಿರುತ್ತದೆ.

ಅರ್ಜಿಗೆ ಮೂರು ಆಧಾರಗಳು ಬೇಕು: ಈಗಿನ ತೊಂದರೆಯ ವೈದ್ಯಕೀಯ ನಿರ್ಣಯ, ಸೇವಾವಧಿಯ ಘಟನೆ, ಇವೆರಡನ್ನೂ ಬೆಸೆಯುವ ಸಾಕ್ಷ್ಯ. ಕಷ್ಟದ್ದು ಮೂರನೆಯದು. ಮಂಡಿಗೆ ಪೆಟ್ಟಾಗಿತ್ತೆಂಬ ಹಳೆಯ ಚೀಟಿಯೊಂದೇ ಸಾಲದು. ಇಂದಿನ ನೋವಿಗೆ ಆ ಪೆಟ್ಟು ಕಾರಣವಾಗಿರುವ ಸಾಧ್ಯತೆ ಕನಿಷ್ಠ ಅರ್ಧದಷ್ಟಾದರೂ ಇದೆಯೆಂದು ವೈದ್ಯರು ಕಾರಣಸಹಿತವಾಗಿ ಬರೆದುಕೊಟ್ಟರೆ ಅರ್ಜಿಗೆ ಬಲ ಬರುತ್ತದೆ. ಘಟನೆಯನ್ನು ಕಂಡ ಸಹಸೈನಿಕರ ಲಿಖಿತ ಹೇಳಿಕೆಯೂ ಸಾಕ್ಷ್ಯವೇ.

ಇಲಾಖೆಯು ವೈದ್ಯಕೀಯ ಪರೀಕ್ಷೆಗೆ ಕರೆದರೆ ತಪ್ಪಿಸಬಾರದು. ನೋವನ್ನು ನುಂಗಿಕೊಳ್ಳುವ ಸೈನಿಕರ ಅಭ್ಯಾಸ ಅಲ್ಲಿ ಹಾನಿಯನ್ನೇ ಮಾಡುತ್ತದೆ. ನಡೆಯಲಾಗದ ದಿನಗಳ ಸ್ಥಿತಿಯನ್ನೂ ಇದ್ದಂತೆಯೇ ಹೇಳಬೇಕು.

ವೈಕಲ್ಯವನ್ನು ಶೇಕಡಾ 0ರಿಂದ 100ರವರೆಗೆ ಅಳೆಯುತ್ತಾರೆ. ಒಂದಕ್ಕಿಂತ ಹೆಚ್ಚು ತೊಂದರೆಗಳಿದ್ದರೆ ಅಂಕಗಳನ್ನು ನೇರವಾಗಿ ಕೂಡುವುದಿಲ್ಲ: 50 ಮತ್ತು 30 ಸೇರಿದರೆ 80 ಅಲ್ಲ, 65 (50 ಕಳೆದು ಉಳಿದ 50ರಲ್ಲಿ ಶೇಕಡಾ 30, ಅಂದರೆ 15, ಸೇರುತ್ತದೆ), ಅದನ್ನು ಹತ್ತರ ಲೆಕ್ಕಕ್ಕೆ ಹೊಂದಿಸಿ 70ಕ್ಕೆ ಏರಿಸುತ್ತಾರೆ. ಮೊದಲ ಸಲ ನೋಡಿದವರಿಗೆ ಇದು ವಿಚಿತ್ರವೆನಿಸುವುದು ಸಹಜ.

ತೀರ್ಪು ಒಪ್ಪಿಗೆಯಾಗದಿದ್ದರೆ ಹೊಸ ಸಾಕ್ಷ್ಯದೊಂದಿಗೆ ಪೂರಕ ಅರ್ಜಿ, ಹಿರಿಯ ಅಧಿಕಾರಿಯ ಮರುಪರಿಶೀಲನೆ ಅಥವಾ ಮಾಜಿ ಸೈನಿಕರ ಮೇಲ್ಮನವಿಗಳ ಮಂಡಳಿಗೆ ಮನವಿ, ಇವುಗಳಲ್ಲಿ ಒಂದನ್ನು 1 ವರ್ಷದೊಳಗೆ ಆರಿಸಿಕೊಳ್ಳುವುದು ಕ್ಷೇಮ.