ಅಪ್ಪನಿಗೆ ಮಾತು ಕೇಳಬೇಕಿತ್ತು: ನಮ್ಮ ಹಾಲ್‌ನ ಹೋಮ್ ಥಿಯೇಟರ್

"ಹಾಡು ಛಲೋ ಕೇಳ್ತಾವ ತಮ್ಮಾ, ಆದ್ರ ಮಾತು ತಿಳಿಯಂಗಿಲ್ಲ."

ಹೊಸ 5.1 ಸೆಟ್ (ಐದು ಸ್ಪೀಕರ್, ಜತೆಗೆ ತಗ್ಗು ಸದ್ದಿಗಂತ ಒಂದು ಸಬ್‌ವೂಫರ್) ಜೋಡಿಸಿದ ನಾಲ್ಕನೇ ದಿನ ಅಪ್ಪ ಹೀಗಂದರು. ಧಾರವಾಡದ ನಮ್ಮ ಮನೆಯ ಹಾಲ್ 14 ಅಡಿ ಉದ್ದ, 11 ಅಡಿ ಅಗಲ. ಅಪ್ಪನ ಕಿವಿ ಈಗೀಗ ಸ್ವಲ್ಪ ಮಂದ. ಅವರು ಸಂಜೆ ಹೊತ್ತು ಆರಾಮಾಗಿ ಕೂತು ಸಿನಿಮಾ ನೋಡಲಿ ಅಂತಲೇ ಇಷ್ಟೆಲ್ಲ ಮಾಡಿದ್ದು. ಪಕ್ಕದಲ್ಲಿ ಕೂತ ಅವ್ವ ಒಂದೊಂದು ಮಾತನ್ನೂ ಅವರಿಗೆ ತಿರುಗಿ ಹೇಳುತ್ತಿದ್ದಳು. ವಾಲ್ಯೂಮ್ ಜಾಸ್ತಿ ಮಾಡಿದರೆ ಹೊಡೆದಾಟದ ಸದ್ದಿಗೆ ಕಿಟಕಿ ಗಾಜು ಅದುರುತ್ತಿತ್ತು. ಮಾತು ಮಾತ್ರ ಅಷ್ಟಕ್ಕಷ್ಟೇ.

ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಮೊಣಕಾಲೂರಿ ಕೂತು, ಟಿವಿ ಕೆಳಗಿನ ಸೆಂಟರ್ ಸ್ಪೀಕರ್‌ಗೆ ಕಿವಿ ಹಚ್ಚಿದೆ. ಒಂದಿಷ್ಟೂ ಸದ್ದಿಲ್ಲ! ಸಿನಿಮಾದ ಮಾತು ಬಹುಪಾಲು ಬರಬೇಕಾದದ್ದೇ ಆ ಸ್ಪೀಕರ್‌ನಿಂದ. ಎಲ್ಲ ಸ್ಪೀಕರ್‌ಗೂ ಸದ್ದು ಹಂಚುವ ಪೆಟ್ಟಿಗೆ, ಅಂದರೆ ರಿಸೀವರ್‌ನ ಡಿಸ್‌ಪ್ಲೇ ನೋಡಿದರೆ ‘ಸ್ಟೀರಿಯೊ’ ಅಂತಿತ್ತು. ತಪ್ಪು ಇದ್ದದ್ದು ಟಿವಿಯ ಸೆಟ್ಟಿಂಗ್‌ನಲ್ಲಿ. ನಮ್ಮಲ್ಲಿ ಟಿವಿಯಿಂದ ರಿಸೀವರ್‌ಗೆ ಸದ್ದು ಹೋಗೋದು ಎಚ್‌ಡಿಎಂಐ ಕೇಬಲ್‌ನ ಎಆರ್‌ಸಿ ಅನ್ನೋ ದಾರಿಯ ಮೂಲಕ. ಟಿವಿಯ ಡಿಜಿಟಲ್ ಆಡಿಯೊ ಔಟ್‌ಪುಟ್ ‘ಪಿಸಿಎಂ’ (ಟಿವಿಯೇ ಬಿಡಿಸಿದ ಸದ್ದು) ಅಂತಿದ್ದರೆ ಎಆರ್‌ಸಿಯಲ್ಲಿ ಎಡ, ಬಲ ಎರಡೇ ಚಾನೆಲ್ ಹೋಗುತ್ತವೆ. ಅದನ್ನು ‘ಬಿಟ್‌ಸ್ಟ್ರೀಮ್’ (ಬಿಡಿಸದೆ ಹಾಗೇ ರಿಸೀವರ್‌ಗೆ ಕಳಿಸೋದು) ಮಾಡಿದೆ. ಡಿಸ್‌ಪ್ಲೇ ಮೇಲೆ ‘ಡಾಲ್ಬಿ ಡಿಜಿಟಲ್’ ಅಂತ ಬಂತು, ಸೆಂಟರ್ ಬಾಯಿ ಬಿಟ್ಟಿತು. ಹೊಸದಾಗಿ ಸೆಟ್ ಹಾಕಿದವರು ಮೊದಲು ಇದೊಂದನ್ನು ನೋಡಿಕೊಳ್ಳಿ.

ಆದರೂ ಅಪ್ಪ ಮುಂದಕ್ಕೆ ಬಾಗಿಯೇ ಕೂರುತ್ತಿದ್ದರು. ಮಾತು ಕೇಳುತ್ತಿತ್ತು, ಬಿಡಿಸಿ ತಿಳಿಯುತ್ತಿರಲಿಲ್ಲ. ಹಾಲ್ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದೆ. ‘ಟರ್ರ್’ ಅಂತ ಸದ್ದು ಗೋಡೆಯಿಂದ ಗೋಡೆಗೆ ಓಡಿತು. ಕೆಳಗೆ ಟೈಲ್ಸ್, ಸುತ್ತ ಬೋಳು ಗೋಡೆ. ಒಂದು ಅಕ್ಷರ ಕಿವಿಗೆ ಬೀಳುವಷ್ಟರಲ್ಲಿ ಹಿಂದಿನ ಅಕ್ಷರದ ಪ್ರತಿಧ್ವನಿ ಅದರ ಮೇಲೆ ಬಂದು ಕೂರುತ್ತದೆ. ಕಿವಿ ಮಂದ ಇದ್ದವರಿಗೆ ಇದು ಇನ್ನೂ ಕಷ್ಟ, ಅಲ್ವಾ?

ಅಟ್ಟದ ಮೇಲೆ ಅಜ್ಜಿ ಕಾಲದ ನವಲಗುಂದದ ಜಮಖಾನ ಇತ್ತು. ಇಳಿಸಿ, ಕೊಡವಿ, ಸೋಫಾ ಮತ್ತು ಟಿವಿ ನಡುವೆ ಹಾಸಿದೆ. ಪಕ್ಕದ ಗೋಡೆಗಳಿಗೆ ಕನ್ನಡಿಯ ಉಪಾಯ ಮಾಡಿದೆವು. ನಾನು ಸೋಫಾದಲ್ಲಿ ಕೂತೆ. ಹೆಂಡತಿ ಒಂದು ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿದು ನಿಧಾನಕ್ಕೆ ಸರಿಸುತ್ತ ಹೋದಳು. ಕನ್ನಡಿಯಲ್ಲಿ ನನಗೆ ಸ್ಪೀಕರ್ ಕಂಡಲ್ಲಿ ಪೆನ್ಸಿಲ್ ಗುರುತು. ಸ್ಪೀಕರ್‌ನ ಸದ್ದು ಮೊದಲು ಬಡಿದು ನಮ್ಮ ಕಡೆ ತಿರುಗೋದು ಅಲ್ಲೇ. ಒಂದು ಗೋಡೆಗೆ ಪುಸ್ತಕದ ಕಪಾಟು ತಂದಿಟ್ಟೆವು. ಇನ್ನೊಂದಕ್ಕೆ ದಪ್ಪ ಪರದೆಯನ್ನು ನೆರಿಗೆ ನೆರಿಗೆಯಾಗಿ ಇಳಿಬಿಟ್ಟೆವು. ಮತ್ತೆ ಚಪ್ಪಾಳೆ ತಟ್ಟಿದೆ. ಆ ‘ಟರ್ರ್’ ಹೋಗಿತ್ತು. ಖರ್ಚಾದದ್ದು ಪರದೆಯ ದುಡ್ಡು ಮಾತ್ರ. ದೊಡ್ಡ ರಿಸೀವರ್ ಕೊಳ್ಳುವ ಮುಂಚೆ ಕೋಣೆ ಸರಿ ಮಾಡಿಕೊಳ್ಳಿ ಅಂತ ಕೇಳಿದವರಿಗೆಲ್ಲ ನಾನು ಹೇಳೋದು ಇದಕ್ಕೇ.

ಸೆಂಟರ್ ಸ್ಪೀಕರ್ ಟಿವಿ ಸ್ಟ್ಯಾಂಡ್‌ನ ಗೂಡಿನೊಳಗೆ ಹಿಂದಕ್ಕೆ ಕೂತಿತ್ತು. ಹಾಗಿಟ್ಟರೆ ಮಾತು ಕೊಡದೊಳಗಿಂದ ಬಂದಂತೆ ಗುಂಯ್‌ಗುಡುತ್ತದೆ. ಅಂಚಿನವರೆಗೆ ಎಳೆದು, ಮುಂದಿನ ಪಾದಗಳ ಕೆಳಗೆ ರಬ್ಬರ್ ತುಂಡು ಕೊಟ್ಟು, ಅಪ್ಪನ ಮುಖದ ಕಡೆ ತಿರುಗಿಸಿದೆ. ಅದರ ಲೆವೆಲ್ 2 ಡೆಸಿಬಲ್ ಏರಿಸಿದೆ.

ಇನ್ನು ಬೇಸ್, ಅಂದರೆ ತಗ್ಗು ಸದ್ದು. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ನಮ್ಮ ಹಾಲ್‌ನ ಉದ್ದ 4.27 ಮೀಟರ್. ಅದರ ಎರಡರಷ್ಟರಿಂದ 343ನ್ನು ಭಾಗಿಸಿದರೆ 40. ಅಂದರೆ 40 ಹರ್ಟ್ಸ್‌ನ (ಸೆಕೆಂಡಿಗೆ 40 ಕಂಪನದ) ತಗ್ಗು ಸದ್ದು ನಮ್ಮಲ್ಲಿ ಹಿಂದಿನ, ಮುಂದಿನ ಗೋಡೆ ಹತ್ತಿರ ಉಬ್ಬುತ್ತದೆ, ನಟ್ಟನಡುವೆ ಕುಗ್ಗುತ್ತದೆ. ಸೋಫಾವನ್ನು 3 ಅಡಿ ಮುಂದೆ ತಂದೆ. ಆಮೇಲೆ ಸಬ್‌ವೂಫರನ್ನೇ ಎತ್ತಿ ಅಪ್ಪ ಕೂರುವ ಜಾಗದಲ್ಲಿಟ್ಟೆ. ಬೇಸ್ ಜಾಸ್ತಿ ಇರುವ ಹಾಡು ಹಾಕಿ, ಗೋಡೆಗುಂಟ ಅಂಬೆಗಾಲಿಡುತ್ತ ಕಿವಿಗೊಟ್ಟು ಹೋದೆ. ಮೂಲೆಯಲ್ಲಿ ಬರೀ ಗುಮ್ ಗುಮ್. ಬಾಗಿಲ ಪಕ್ಕ ಒಂದೊಂದು ಪೆಟ್ಟೂ ಬಿಡಿಯಾಗಿ ಕೇಳಿತು. ಸಬ್ ಅಲ್ಲಿಟ್ಟರೆ ಅಪ್ಪನ ಜಾಗದಲ್ಲೂ ಹಾಗೇ ಕೇಳುತ್ತದೆ, ಅದಕ್ಕೇ ಅದು ಅಲ್ಲಿಗೇ ಹೋಯಿತು. ಎಲ್ಲ ಸ್ಪೀಕರ್‌ಗಳನ್ನೂ ಮೆನುವಿನಲ್ಲಿ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್ ಇಟ್ಟೆ, ಅಂದರೆ ಅದಕ್ಕಿಂತ ತಗ್ಗಿನ ಸದ್ದು ಸಬ್‌ಗೆ ಹೋಗುತ್ತದೆ. ಆಗ ಸಬ್ ಮೇಲಿರುವ ಕ್ರಾಸ್‌ಓವರ್ ಗುಂಡಿಯನ್ನು ಅತಿ ದೊಡ್ಡ ಅಂಕಿವರೆಗೆ ತಿರುಗಿಸಿಡಬೇಕು.

ಸ್ಪೀಕರ್ ವೈರ್‌ಗೆ 16 ಗೇಜ್ ದಪ್ಪದ ತಾಮ್ರದ್ದು ನಮಗೆ ಸಾಕಾಯಿತು. ಕೆಂಪು-ಕಪ್ಪು ಮಾತ್ರ ಎರಡೆರಡು ಸಲ ನೋಡಿ. ಮುಂದಿನ ಒಂದು ಸ್ಪೀಕರ್‌ಗೆ ನಾನು ಅದಲುಬದಲು ಹಾಕಿದ್ದೆ. ಹಾಡುವವರ ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ತೇಲುತ್ತಿತ್ತು.

ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಸಾಮಾನ್ಯವಾಗಿ ಒಂದೇ ಚಾನೆಲ್ ಸದ್ದು. ಅವಕ್ಕೆ ರಿಸೀವರ್‌ನಲ್ಲಿ ‘ಡಾಲ್ಬಿ ಸರೌಂಡ್’ ಮೋಡ್ ಹಾಕುತ್ತೇನೆ. ಇಡೀ ದನಿ ಸೆಂಟರ್‌ಗೇ ಬರುತ್ತದೆ.

ಮೊನ್ನೆ ರವಿವಾರ ಅಪ್ಪ ಅಂಥದೊಂದು ಚಿತ್ರ ನೋಡುತ್ತಿದ್ದರು, ಸೋಫಾಕ್ಕೆ ಬೆನ್ನು ಆನಿಸಿ. ಅವ್ವ ಜಮಖಾನದ ಮೇಲೆ ಕೂತು ಮೆಂತ್ಯ ಪಲ್ಯ ಸೋಸುತ್ತಿದ್ದಳು. ಟಿವಿಯಲ್ಲಿ ನಾಯಕಿ ಏನೋ ಪಿಸುಗುಟ್ಟಿದಳು.

"ಏನಂದ್ಲ್ರಿ?" ಅಂದಳು ಅವ್ವ.

ಅಪ್ಪ ಹೇಳಿದರು.