ಪುಸ್ತಕ ಮುಚ್ಚಿ ಓದುವುದು ಹೇಗೆ?

ಪರೀಕ್ಷೆ ಹತ್ತಿರ ಬಂದರೆ ಸಾಕು, ಮಕ್ಕಳ ಕೈಗೆ ಹೈಲೈಟರ್ ಬರುತ್ತದೆ. ಒಂದು ಸಾಲನ್ನೂ ಬಿಡದೆ ಹಳದಿ ಬಳಿದು, ಅದೇ ಪುಟವನ್ನು ನಾಲ್ಕು ಸಲ ಓದಿ, ‘ಎಲ್ಲಾ ಬರುತ್ತದೆ’ ಎಂದು ಎದ್ದವರು ಪ್ರಶ್ನೆಪತ್ರಿಕೆ ನೋಡಿ ತಬ್ಬಿಬ್ಬಾಗುವುದು ಪ್ರತಿ ವರ್ಷದ ಕಥೆ. ಪುಟ ಕಣ್ಣಿಗೆ ಪರಿಚಿತವಾಗಿರುತ್ತದೆ, ಅಷ್ಟೇ. ನೆನಪಿನಿಂದ ಹೊರತೆಗೆಯುವ ಅಭ್ಯಾಸವೇ ಆಗಿರುವುದಿಲ್ಲ. ಆ ಅಭ್ಯಾಸ ಮಾಡುವ ಕ್ರಮ ಹೀಗಿದೆ.

1. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಸೈಲೆಂಟ್ ಮಾಡಿ ಪಕ್ಕದಲ್ಲಿ ಕವುಚಿ ಹಾಕುವುದು ಲೆಕ್ಕಕ್ಕಿಲ್ಲ.

2. ಮೂರು ನಾಲ್ಕು ಪುಟಗಳನ್ನಷ್ಟೇ ನಿಧಾನವಾಗಿ, ಒಮ್ಮೆ ಓದಿ. ಇಡೀ ಅಧ್ಯಾಯ ಬೇಡ. ಪಠ್ಯಪುಸ್ತಕವನ್ನೇ ಓದಿ, ಗೈಡ್‌ನಲ್ಲಿ ಉತ್ತರಗಳಿರುತ್ತವೆ, ವಿಷಯ ಇರುವುದಿಲ್ಲ.

3. ಪುಸ್ತಕ ಮುಚ್ಚಿ. ಎಲ್ಲರೂ ಕೆಡಿಸುವುದು ಇಲ್ಲೇ. ಖಾಲಿ ಹಾಳೆ ತೆಗೆದುಕೊಂಡು ಓದಿದ್ದನ್ನೆಲ್ಲ ನೆನಪಿನಿಂದ ಬರೆಯಿರಿ. ಹೃದಯದ ಪಾಠ ಎಂದುಕೊಳ್ಳೋಣ. ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಅಲ್ಲಿಂದ ಶ್ವಾಸಕೋಶ ಎಂದು ಬಾಣ ಹಾಕುತ್ತಾ ಹೋಗುತ್ತೀರಿ. ಶ್ವಾಸಕೋಶಕ್ಕೆ ರಕ್ತ ಒಯ್ಯುವುದು ಅಪಧಮನಿಯೋ ಅಭಿಧಮನಿಯೋ? ಪೆನ್ನು ನಿಲ್ಲುತ್ತದೆ, ಕೈ ತಾನಾಗಿ ಪುಸ್ತಕದತ್ತ ಹೋಗುತ್ತದೆ. ತೆರೆಯಬೇಡಿ. ಇಣುಕಿ ನೋಡಿದರೆ ‘ಹೌದಲ್ಲ, ಗೊತ್ತಿತ್ತು’ ಎನಿಸಿ ಕೆಲಸ ಕೆಡುತ್ತದೆ. ಒಂದೆರಡು ನಿಮಿಷ ತಿಣುಕಾಡಿ, ಆಮೇಲೆ ಊಹಿಸಿಯಾದರೂ ಬರೆಯಿರಿ. ನೆನಪು ಗಟ್ಟಿಯಾಗುವುದು ಈ ತಿಣುಕಾಟದಲ್ಲೇ. ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಮನಸ್ಸು ತೊಡಕಿನ ಜಾಗವನ್ನು ಮೆಲ್ಲನೆ ಹಾರಿಬಿಡುತ್ತದೆ, ಹಾಳೆ ಬಿಡುವುದಿಲ್ಲ.

ನಂಬಿಕೆ ಬಾರದವರಿಗೆ ಒಂದು ಪ್ರಯೋಗ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದರು. ಐದು ನಿಮಿಷದ ನಂತರ ಕೇಳಿದಾಗ, ಮತ್ತೆ ಮತ್ತೆ ಓದಿದವರೇ ಮುಂದಿದ್ದರು: ಪಾಠದ ಶೇ 83 ಭಾಗ ನೆನಪಿತ್ತು. ಒಮ್ಮೆ ಓದಿ ಮೂರು ಸಲ ನೆನಪಿನಿಂದ ಬರೆದವರು ಶೇ 71. ವಾರ ಕಳೆದಾಗ ಲೆಕ್ಕ ತಿರುಗಿತು: ಓದಿದವರು ಶೇ 40ಕ್ಕೆ ಇಳಿದಿದ್ದರು, ಬರೆದವರಲ್ಲಿ ಶೇ 61 ಉಳಿದಿತ್ತು. ಓದಿ ಮುಗಿಸಿದ ಕೂಡಲೇ ಬರುವ ಆತ್ಮವಿಶ್ವಾಸವನ್ನು ನಂಬಬಾರದು ಎನ್ನುವುದು ಇದಕ್ಕೇ.

4. ಈಗ ಪುಸ್ತಕ ತೆರೆದು, ಕೆಂಪು ಪೆನ್ನಿನಿಂದ ತಿದ್ದಿ. ಶ್ವಾಸಕೋಶದತ್ತ ಹೋಗುವುದು ಅಪಧಮನಿಯೇ, ಆದರೆ ಅದರಲ್ಲಿ ಆಮ್ಲಜನಕ ಕಡಿಮೆಯಿರುವ ರಕ್ತವಿರುತ್ತದೆ. ಖಚಿತವೆಂದು ನಂಬಿ ಬರೆದ ತಪ್ಪನ್ನು ತಿದ್ದಿಕೊಂಡರೆ ಸರಿಯುತ್ತರ ಇನ್ನೂ ಚೆನ್ನಾಗಿ ಉಳಿಯುತ್ತದೆ. ಆದ್ದರಿಂದ ಹಾಳೆ ಕೆಂಪಾಯಿತೆಂದು ಮಕ್ಕಳನ್ನು ಗದರಬೇಡಿ.

5. ಮರುದಿನ, ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಹೊಸ ಹಾಳೆಯಲ್ಲಿ ಬರೆಯಿರಿ. ಕಲಿತದ್ದರಲ್ಲಿ ಹೆಚ್ಚಿನ ಪಾಲು ಆರಂಭದಲ್ಲೇ ಸೋರಿಹೋಗುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಅಂತರ ಒಂದು ದಿನ ಆಚೀಚೆಯಾದರೆ ಪ್ರಮಾದವಿಲ್ಲ. ಇದಕ್ಕೆ ಆ್ಯಪ್‌ಗಳೂ ಇವೆ. ನನಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯೇ ಸಾಕು, ಆ್ಯಪ್ ತೆರೆದವರು ಮೊಬೈಲಿನಿಂದ ಬೇಗ ಹೊರಬರುವುದಿಲ್ಲ. ಜ್ಞಾಪಕಶಕ್ತಿಯ ಪುಡಿ, ಟಾನಿಕ್‌ಗಳಿಗೆ ಸುರಿಯುವ ದುಡ್ಡಿನಲ್ಲಿ ಒಂದು ರೀಮ್ ಹಾಳೆ ಬರುತ್ತದೆ.

6. ಮಲಗಿ. ಹಗಲು ಕಲಿತದ್ದನ್ನು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ ಗಾಢ ನಿದ್ದೆಯಲ್ಲಿ ಮರುಕಳಿಸುತ್ತದೆ. ಹೊರಪದರದಲ್ಲಿ ಅದು ನೆಲೆಯೂರಲು ಇದರಿಂದ ನೆರವಾಗುತ್ತದೆ. ರಾತ್ರಿಯಿಡೀ ಓದಿಸುವವರು ಈ ಕೆಲಸಕ್ಕೇ ಅಡ್ಡಿ ಮಾಡುತ್ತಾರೆ. ಮಕ್ಕಳನ್ನು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಲೇಬೇಕು ಎನ್ನುವ ತಂದೆತಾಯಂದಿರು ರಾತ್ರಿ ಎಂಟಕ್ಕೇ ಮಲಗಿಸಲಿ. ಅದಾಗದಿದ್ದರೆ ಆರರವರೆಗೆ ಮಲಗಲು ಬಿಡಲಿ.